ಬೂಟು, ಲಂಗ ಮತ್ತು 45: ಬೀದಿ ಕಲಿಸಿದ ವ್ಯಂಗ್ಯಚಿತ್ರ

1763ರ ಡಿಸೆಂಬರ್ 3ರಂದು ಲಂಡನ್ನಿನ ರಾಯಲ್ ಎಕ್ಸ್‌ಚೇಂಜ್ ಮುಂದೆ ಒಂದು ಪತ್ರಿಕೆಯನ್ನು ಸುಡುವುದಿತ್ತು. ಪತ್ರಿಕೆಯ ಹೆಸರು ‘ನಾರ್ತ್ ಬ್ರಿಟನ್’, ಸಂಚಿಕೆ 45. ಅದು ರಾಜದ್ರೋಹದ ಬರಹವೆಂದು ಸಂಸತ್ತು ತೀರ್ಮಾನಿಸಿ, ನೇಣುಹಾಕುವವನ ಕೈಯಿಂದಲೇ ಬಹಿರಂಗವಾಗಿ ಸುಡಿಸಬೇಕೆಂದು ಆಜ್ಞೆ ಮಾಡಿತ್ತು. ನೆರೆದಿದ್ದ ಜನ ಅದನ್ನು ಸುಡಲು ಬಿಡಲಿಲ್ಲ. ನೇಣುಗಾರನ ಮೇಲೆ ಕೈಗೆ ಸಿಕ್ಕಿದ್ದನ್ನು ಎಸೆದರು. ಉರಿಯುತ್ತಿದ್ದ ಕೊಳ್ಳಿಯೊಂದನ್ನು ಎಳೆದು ಷೆರಿಫ್ ಹಾರ್ಲಿಯ ಸಾರೋಟಿಗೆ ಬೀಸಿ ಗಾಜು ಒಡೆದರು. ಅರೆಸುಟ್ಟ ಹಾಳೆಗಳನ್ನು ಬೆಂಕಿಯಿಂದ ಕಿತ್ತುಕೊಂಡು ಟೆಂಪಲ್ ಬಾರ್‌ನತ್ತ ಮೆರವಣಿಗೆ ಹೊರಟರು. ಅಲ್ಲಿ ತಾವೇ ಬೆಂಕಿ ಹಾಕಿ ಎರಡು ವಸ್ತುಗಳನ್ನು ಸುಟ್ಟರು: ಮೊಣಕಾಲು ಮುಟ್ಟುವಂಥ ದೊಡ್ಡದೊಂದು ಬೂಟು ಮತ್ತು ಹೆಂಗಸರು ಉಡುವ ಒಂದು ಲಂಗ. ಇದರ ಅರ್ಥವನ್ನು ಅಂದಿನ ಲಂಡನ್ನಿನ ನೇಕಾರನಿಗಾಗಲಿ ಮೀನು ಮಾರುವವಳಿಗಾಗಲಿ ಬಿಡಿಸಿ ಹೇಳಬೇಕಾಗಿರಲಿಲ್ಲ. ಬೂಟು ಎಂದರೆ ಅದೇ ಏಪ್ರಿಲ್‌ವರೆಗೆ ಪ್ರಧಾನಿಯಾಗಿದ್ದ, ರಾಜನ ಆಪ್ತ ಜಾನ್ ಸ್ಟುವರ್ಟ್, ಅಂದರೆ ಬ್ಯೂಟ್‌ನ ಅರ್ಲ್. ಅವನ ಬಿರುದಿನ ಉಚ್ಚಾರ ಬೂಟಿಗೆ ಹತ್ತಿರವಾಗಿತ್ತು. ಲಂಗ ಎಂದರೆ ರಾಜ 3ನೇ ಜಾರ್ಜ್‌ನ ತಾಯಿ ಅಗಸ್ಟಾ. ಇವರಿಬ್ಬರೂ ಸೇರಿಕೊಂಡು ಎಳೆಯ ರಾಜನನ್ನು ಕುಣಿಸುತ್ತಿದ್ದಾರೆ, ಆಡಳಿತ ನಡೆಯುತ್ತಿರುವುದು ಅಂತಃಪುರದಿಂದ ಎಂಬುದು ಜನರ ದೂರು. ಅದಕ್ಕೂ ಹಿಂದಿನ ಎರಡು ವರ್ಷಗಳಿಂದ ಲಂಡನ್ನಿನ ಚಿತ್ರದಂಗಡಿಗಳ ಕಿಟಕಿಗಳಲ್ಲಿ ಇದೇ ಬೂಟು, ಇದೇ ಲಂಗ ನೂರಾರು ಅಚ್ಚುಚಿತ್ರಗಳಲ್ಲಿ ಕಾಣಿಸಿಕೊಂಡಿದ್ದವು.

ಹದಿನೆಂಟನೇ ಶತಮಾನದ ಇಂಗ್ಲೆಂಡಿನ ವ್ಯಂಗ್ಯಚಿತ್ರದ ಕಥೆಯನ್ನು ಸಾಮಾನ್ಯವಾಗಿ ಕಲಾವಿದರ ಕಥೆಯಾಗಿ ಹೇಳುತ್ತಾರೆ. ವಿಲಿಯಂ ಹೊಗಾರ್ಥ್ ಬೀಜ ಬಿತ್ತಿದ, ಜೇಮ್ಸ್ ಗಿಲ್ರೇ ಮತ್ತು ಥಾಮಸ್ ರೋಲಂಡ್‌ಸನ್ ಫಸಲು ತೆಗೆದರು, ನಗುವ ಸ್ವಾತಂತ್ರ್ಯವಿದ್ದ ನಾಡಿನಲ್ಲಿ ಒಂದು ದೊಡ್ಡ ಕಲೆ ಬೆಳೆಯಿತು ಎಂದು. ಈ ಹೇಳಿಕೆ ಸುಳ್ಳಲ್ಲ, ಆದರೆ ಮುಖ್ಯವಾದದ್ದನ್ನು ಬಿಟ್ಟುಬಿಡುತ್ತದೆ. ಟೆಂಪಲ್ ಬಾರ್‌ನ ಬೆಂಕಿ ಬೇರೆ ಕಥೆ ಹೇಳುತ್ತದೆ. ಮತದಾನದ ಹಕ್ಕಿಲ್ಲದ ಜನ ತಮ್ಮನ್ನು ಆಳುವವರ ಬಗ್ಗೆ ತೀರ್ಪು ಕೊಡಲು ಒಂದು ಭಾಷೆಯನ್ನು ಕಟ್ಟಿಕೊಂಡಿದ್ದರು. ಆ ಭಾಷೆಯಲ್ಲಿ ಪ್ರತಿಕೃತಿ, ಗಲ್ಲುಗಂಬ, ಅಣಕು ಶವಯಾತ್ರೆ, ಗೋಡೆಯ ಮೇಲಿನ ಸೀಮೆಸುಣ್ಣದ ಅಂಕಿ, ಕೋಲಿಗೆ ಸಿಕ್ಕಿಸಿದ ಟೋಪಿ ಇವೆಲ್ಲ ಪದಗಳಾಗಿದ್ದವು. ವ್ಯಂಗ್ಯಚಿತ್ರ ತನ್ನ ಬಲವನ್ನು ಪಡೆದದ್ದು ಈ ಭಾಷೆಯಿಂದ, ಮರಳಿ ಕೊಟ್ಟದ್ದೂ ಇದಕ್ಕೇ. ಆ ಚಿತ್ರಕ್ಕೆ ಎದೆಗಾರಿಕೆ ಇದ್ದದ್ದು ಅದು ಬೀದಿಗೆ ಹತ್ತಿರವಿದ್ದಷ್ಟು ಕಾಲ. ಬೀದಿಯಿಂದ ದೂರ ಸರಿದು ಕ್ಲಬ್ಬುಗಳ, ದಿವಾನಖಾನೆಗಳ ಸರಕಾದಾಗ ಅದರ ರೇಖೆ ಇನ್ನೂ ಚೂಪಾಯಿತು, ಬಣ್ಣ ಇನ್ನೂ ಸೊಗಸಾಯಿತು, ಆದರೆ ಅದನ್ನು ಕೊಂಡುಕೊಳ್ಳುವುದು ಮಂತ್ರಿಗಳಿಗೆ ಸುಲಭವಾಯಿತು. ಈ ಲೇಖನ ಹೇಳಹೊರಟಿರುವುದು ಇಷ್ಟನ್ನೇ.

ಮೊದಲು ಆ ಕಾಲದ ಕಾನೂನಿನ ಸ್ಥಿತಿ ನೋಡಬೇಕು. ಮುದ್ರಣಕ್ಕೆ ಮುಂಚಿತವಾಗಿ ಪರವಾನಗಿ ಪಡೆಯಬೇಕೆಂಬ ಕಾಯ್ದೆ 1695ರಲ್ಲೇ ಬಿದ್ದುಹೋಗಿತ್ತು. 1737ರಲ್ಲಿ ಪ್ರಧಾನಿ ರಾಬರ್ಟ್ ವಾಲ್ಪೋಲ್ ನಾಟಕಗಳಿಗೆ ಪೂರ್ವಾನುಮತಿ ಕಡ್ಡಾಯ ಮಾಡಿ ರಂಗಭೂಮಿಯ ಬಾಯಿ ಕಟ್ಟಿಸಿದ. ಚಿತ್ರಗಳಿಗೆ ಅಂಥ ಬೇಲಿ ಇರಲಿಲ್ಲ. ಹೊಗಾರ್ಥ್ ಮೊದಲಾದವರ ಒತ್ತಾಯದಿಂದ 1735ರಲ್ಲಿ ಬಂದ ಕಾಯ್ದೆಯಂತೂ ಅಚ್ಚುಚಿತ್ರಗಳ ಕರ್ತೃವಿಗೆ 14 ವರ್ಷಗಳ ಹಕ್ಕುಸ್ವಾಮ್ಯ ಕೊಟ್ಟಿತು. ಪ್ರಕಟವಾದ ಮೇಲೆ ರಾಜದ್ರೋಹದ ಮೊಕದ್ದಮೆ ಹೂಡಬಹುದಿತ್ತು, ನಿಜ. ಆದರೆ ಮೊಕದ್ದಮೆ ಹೂಡುವ ಸರ್ಕಾರಿ ವಕೀಲ ನ್ಯಾಯಾಲಯದಲ್ಲಿ ಎದ್ದು ನಿಂತು ಈ ಬೂಟು ಪ್ರಧಾನಿಯೇ, ಈ ಲಂಗ ರಾಜಮಾತೆಯೇ, ನಡುವೆ ನಡೆದಿರುವುದು ಇಂಥದೇ ಎಂದು ತಾನೇ ಬಾಯಿಬಿಟ್ಟು ವಿವರಿಸಬೇಕಾಗಿತ್ತು. ಚಿತ್ರ ಯಾರ ಹೆಸರನ್ನೂ ಹೇಳಿರುವುದಿಲ್ಲ. ಹೆಸರಿಡುವ ಹೊಣೆ ಆರೋಪ ಮಾಡುವವನ ಮೇಲೆ ಬೀಳುತ್ತದೆ. ಅವಮಾನವನ್ನು ಹತ್ತಿಕ್ಕಲು ಹೋಗಿ ಅದಕ್ಕೆ ಸರ್ಕಾರದ ಮೊಹರು ಒತ್ತಿದಂತೆ ಆಗುತ್ತಿತ್ತು. ಹೀಗಾಗಿ ಬರಹಗಾರರೂ ಮುದ್ರಕರೂ ಜೈಲಿಗೆ ಹೋದಷ್ಟು ಚಿತ್ರಕಾರರು ಹೋಗಲಿಲ್ಲ. ಚಿತ್ರ ವ್ಯಾಪಾರಿ ವಿಲಿಯಂ ಹಾಲೆಂಡ್ 1793ರಲ್ಲಿ ಒಂದು ವರ್ಷ ನ್ಯೂಗೇಟ್ ಜೈಲಿನಲ್ಲಿ ಕಳೆದದ್ದು ಕೂಡ ತನ್ನ ಅಂಗಡಿಯ ಚಿತ್ರಗಳಿಗಾಗಿ ಅಲ್ಲ, ಥಾಮಸ್ ಪೇನ್‌ನ ಬರಹ ಮಾರಿದ್ದಕ್ಕಾಗಿ.

ಕಾನೂನಿನ ಈ ಸಂದಿಯಲ್ಲಿ ಬೀದಿಯ ಸಂಕೇತಗಳು ಕಾಗದಕ್ಕೆ ಇಳಿದವು. 1733ರಲ್ಲಿ ವಾಲ್ಪೋಲ್ ವೈನ್ ಮತ್ತು ತಂಬಾಕಿಗೆ ಅಬಕಾರಿ ಸುಂಕ ವಿಸ್ತರಿಸಲು ಹೊರಟಾಗ ಬಂದ ಒಂದು ಚಿತ್ರದಲ್ಲಿ ಹಲವು ತಲೆಗಳ ಡ್ರ್ಯಾಗನ್ ಪ್ರಾಣಿಯೊಂದು ಅವನ ಸಾರೋಟನ್ನು ಎಳೆಯುತ್ತಿದೆ. ಸಿಕ್ಕಿದ್ದನ್ನೆಲ್ಲ ನುಂಗುತ್ತಿರುವ ಆ ಪ್ರಾಣಿಯ ಒಂದು ಬಾಯಿಂದ ಚಿನ್ನ ಪ್ರಧಾನಿಯ ಮಡಿಲಿಗೆ ಸುರಿಯುತ್ತಿದೆ. ಸುಂಕದ ಅಧಿಕಾರಿ ಮನೆಮನೆಗೆ ನುಗ್ಗುತ್ತಾನೆಂಬ ಭಯವನ್ನು ಒಂದೇ ನೋಟಕ್ಕೆ ಹಿಡಿದುಕೊಟ್ಟ ಚಿತ್ರ ಅದು. ಏಪ್ರಿಲ್‌ನಲ್ಲಿ ವಾಲ್ಪೋಲ್ ಮಸೂದೆ ಕೈಬಿಟ್ಟ ಸುದ್ದಿ ಬಂದಾಗ ಲಂಡನ್ನಿನ ಜನ ಅವನ ಪ್ರತಿಕೃತಿ ಸುಟ್ಟು ಸಂಭ್ರಮಿಸಿದರು. ಮೂವತ್ತು ವರ್ಷಗಳ ನಂತರ ಬ್ಯೂಟ್‌ನ ಸರ್ಕಾರ ಸೇಬಿನ ಮದ್ಯವಾದ ಸೈಡರ್ ಮೇಲೆ ಸುಂಕ ಹಾಕಿದಾಗ ಸೈಡರ್ ಮಾಡುವ ಪಶ್ಚಿಮದ ಜಿಲ್ಲೆಗಳಲ್ಲಿ ಖಾಲಿ ಪೀಪಾಯಿಗಳಿಗೆ ಕರಿಬಟ್ಟೆ ಹೊದಿಸಿ ಶವಯಾತ್ರೆ ತೆಗೆದರು, ಬೂಟನ್ನು ಗಲ್ಲಿಗೇರಿಸಿದರು. 1766ರಲ್ಲಿ ಆ ಸುಂಕವೂ ಹೋಯಿತು. ಬೂಟು ಅಷ್ಟಕ್ಕೇ ನಿಲ್ಲಲಿಲ್ಲ. 1765ರ ಆಗಸ್ಟ್ 14ರಂದು ಅಮೆರಿಕದ ಬಾಸ್ಟನ್‌ನಲ್ಲಿ ಸ್ಟಾಂಪ್ ಕಾಯ್ದೆಯ ವಿರುದ್ಧ ಜನ ಎದ್ದಾಗ, ಮರಕ್ಕೆ ನೇತುಹಾಕಿದ ಪ್ರತಿಕೃತಿಯ ಪಕ್ಕದಲ್ಲಿ ಒಂದು ಬೂಟು ತೂಗುತ್ತಿತ್ತು, ಅದರೊಳಗಿಂದ ಸೈತಾನ ಇಣುಕುತ್ತಿದ್ದ. ಲಂಡನ್ನಿನ ಕಿಟಕಿಯಲ್ಲಿ ನೋಡಿದ ಗುರುತು ಸಾಗರ ದಾಟಿ ಇನ್ನೊಂದು ಜನಸಮೂಹದ ಕೈಸೇರಿತ್ತು.

ಚಿತ್ರದ ಅರ್ಥವನ್ನು ತೀರ್ಮಾನಿಸುವವರು ಯಾರು ಎಂಬ ಪ್ರಶ್ನೆಗೆ ಜಾನ್ ವಿಲ್ಕ್ಸ್‌ನ ಪ್ರಕರಣಕ್ಕಿಂತ ಒಳ್ಳೆಯ ಉದಾಹರಣೆ ಸಿಗುವುದಿಲ್ಲ. ‘ನಾರ್ತ್ ಬ್ರಿಟನ್’ ಪತ್ರಿಕೆಯ ಈ ಸಂಪಾದಕ, ಸಂಸತ್ ಸದಸ್ಯ, 1763ರ ಏಪ್ರಿಲ್ 23ರ 45ನೇ ಸಂಚಿಕೆಯಲ್ಲಿ ರಾಜನ ಭಾಷಣವನ್ನು ಟೀಕಿಸಿದ. ಸರ್ಕಾರ ಯಾರ ಹೆಸರನ್ನೂ ನಮೂದಿಸದ ಒಂದು ಸಾಮಾನ್ಯ ವಾರಂಟ್ ಹೊರಡಿಸಿ 49 ಮಂದಿಯನ್ನು ಹಿಡಿಯಿತು. ವಿಲ್ಕ್ಸ್ ಲಂಡನ್ ಟವರ್ ಸೇರಿದ. ಮೇ 6ರಂದು ವೆಸ್ಟ್‌ಮಿನ್‌ಸ್ಟರ್ ಹಾಲ್‌ನಲ್ಲಿ ಅವನ ಬಿಡುಗಡೆಯಾದಾಗ ಹೊಗಾರ್ಥ್ ಅಲ್ಲೇ ಕುಳಿತು ಅವನ ರೇಖಾಚಿತ್ರ ತೆಗೆದುಕೊಂಡ. ಇಬ್ಬರ ನಡುವೆ ಹಗೆ ಬೆಳೆದಿತ್ತು. ಬ್ಯೂಟ್‌ನ ಪರವಾಗಿ ಚಿತ್ರ ಬರೆದ ಹೊಗಾರ್ಥ್‌ನನ್ನು ವಿಲ್ಕ್ಸ್ ತನ್ನ 17ನೇ ಸಂಚಿಕೆಯಲ್ಲಿ ಕಟುವಾಗಿ ಜಾಡಿಸಿದ್ದ. ಹೊಗಾರ್ಥ್‌ನ ಸೇಡು ಆ ತಿಂಗಳೇ ಒಂದು ಶಿಲಿಂಗ್ ಬೆಲೆಯ ಅಚ್ಚಾಗಿ ಹೊರಬಂತು. ಅದನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ವಿಲ್ಕ್ಸ್ ಕುರ್ಚಿಯಲ್ಲಿ ಕಾಲು ಚಾಚಿ ಕುಳಿತಿದ್ದಾನೆ. ಮೆಳ್ಳಗಣ್ಣು, ಕೆಟ್ಟ ನಗು, ತಲೆಯ ಮೇಲಿನ ಕೃತಕ ಕೂದಲಿನ ಎರಡು ಸುರುಳಿಗಳು ಕೊಂಬಿನಂತೆ ಎದ್ದಿವೆ. ಕೈಯಲ್ಲಿ ಒಂದು ಕೋಲು, ಕೋಲಿನ ತುದಿಯಲ್ಲಿ ಸ್ವಾತಂತ್ರ್ಯದ ಟೋಪಿ. ಆ ಟೋಪಿ ಸರಿಯಾಗಿ ಅವನ ತಲೆಯ ಮೇಲೆ ಬಂದು, ಹುಚ್ಚರ ಮಕುಟದಂತೆ ಕಾಣುವ ಹಾಗೆ ರೇಖೆ ಎಳೆಯಲಾಗಿದೆ. ಪಕ್ಕದ ಮೇಜಿನ ಮೇಲೆ 17 ಮತ್ತು 45ನೇ ಸಂಚಿಕೆಗಳು. ಇವನು ಜನನಾಯಕನಲ್ಲ, ಕಪಟಿ ಎಂದು ಪ್ರತಿಯೊಂದು ಗೆರೆಯೂ ಹೇಳುತ್ತಿದೆ.

ಕೆಲವೇ ವಾರಗಳಲ್ಲಿ ಸುಮಾರು 4,000 ಪ್ರತಿಗಳು ಖರ್ಚಾದವೆನ್ನುತ್ತಾರೆ. ತಾಮ್ರದ ತಗಡಿನಿಂದ ಕೆಲವು ನೂರು ಪ್ರತಿ ತೆಗೆದರೆ ಸಾಕೆನ್ನುವ ಕಾಲದಲ್ಲಿ ಇದು ದೊಡ್ಡ ಸಂಖ್ಯೆ. ಆದರೆ ಕೊಂಡವರಲ್ಲಿ ಎಷ್ಟೋ ಜನ ವಿಲ್ಕ್ಸ್‌ನ ಅಭಿಮಾನಿಗಳು. ಅವರು ಚಿತ್ರವನ್ನು ಗೋಡೆಗೆ ಹಾಕಿಕೊಂಡರು. ಅದೇ ಭಂಗಿ, ಅದೇ ಟೋಪಿ, ಅದೇ ಮೆಳ್ಳಗಣ್ಣು ಚೀನಾದಲ್ಲಿ ಮಾಡಿಸಿ ತಂದ ಪಿಂಗಾಣಿಯ ಮದ್ಯದ ಬಟ್ಟಲುಗಳ ಮೇಲೂ ಬಂತು. ನಿಂದಿಸಲು ಬರೆದ ಮುಖ ಆರಾಧನೆಯ ಮುಖವಾಯಿತು. ಇಂಗ್ಲೆಂಡಿನ ಅತ್ಯಂತ ಪ್ರಸಿದ್ಧ ಚಿತ್ರಕಾರನಿಗೂ ತನ್ನ ಚಿತ್ರ ಏನು ಹೇಳಬೇಕೆಂದು ಕಟ್ಟುಮಾಡಲು ಆಗಲಿಲ್ಲ. ಜನ ತಮ್ಮ ನೆಚ್ಚಿನವನ ವಿಕಾರವನ್ನು ಬಚ್ಚಿಡಲಿಲ್ಲ, ಬದಲಿಗೆ ಆ ವಿಕಾರವನ್ನೇ ಬಾವುಟ ಮಾಡಿಕೊಂಡರು. ಅಚ್ಚುಚಿತ್ರಗಳು ಮೇಲಿನವರು ಕೆಳಗಿನವರಿಗೆ ಹೇಳಿಕೊಟ್ಟ ಪಾಠ ಎಂದು ವಾದಿಸುವವರಿಗೆ ಈ ಒಂದು ಚಿತ್ರದ ಗತಿ ಸಾಕಷ್ಟು ಉತ್ತರ.

1768ರ ಮಾರ್ಚ್‌ನಲ್ಲಿ ವಿಲ್ಕ್ಸ್ ಮಿಡ್ಲ್‌ಸೆಕ್ಸ್ ಕ್ಷೇತ್ರದಿಂದ ಗೆದ್ದಾಗ 45 ಎಂಬ ಅಂಕಿ ಇಡೀ ಊರನ್ನು ತುಂಬಿತು. ಆಗ ಲಂಡನ್ನಿನಲ್ಲಿದ್ದ ಬೆಂಜಮಿನ್ ಫ್ರಾಂಕ್ಲಿನ್ ಆ ದಿನಗಳಲ್ಲಿ ವಿಂಚೆಸ್ಟರ್‌ಗೆ ಹೋಗುತ್ತ ನೋಡಿದ್ದನ್ನು ಬರೆದಿದ್ದಾನೆ: ಊರು ದಾಟಿ 15 ಮೈಲಿಯವರೆಗೆ ರಸ್ತೆ ಬದಿಯ ಬಾಗಿಲು, ಕಿಟಕಿಗಳಲ್ಲಿ ಆ ಗುರುತು ಇಲ್ಲದ್ದು ಅಪರೂಪ, ಅಲ್ಲಿಂದಾಚೆಗೂ 64 ಮೈಲಿ ದೂರದ ವಿಂಚೆಸ್ಟರ್‌ವರೆಗೆ ಅಲ್ಲಲ್ಲಿ ಅದೇ ಗುರುತು. ಆಸ್ಟ್ರಿಯಾದ ರಾಯಭಾರಿಯನ್ನು ಜನ ಸಾರೋಟಿನಿಂದ ಇಳಿಸಿ, ಕಾಲು ಮೇಲೆತ್ತಿ, ಅವನ ಪಾದರಕ್ಷೆಯ ಅಡಿಗೆ 45 ಎಂದು ಬರೆದು ಬಿಟ್ಟರು. ಓದು ಬರದವರಿಗೂ ಬರೆಯಲು ಬರುವ, ಅಳಿಸಿದರೆ ಮತ್ತೆ ಕ್ಷಣದಲ್ಲಿ ಮೂಡುವ, ಯಾವ ಕಾನೂನಿಗೂ ಸಿಕ್ಕದ ಅಂಕಿ. ಮೇ 10ರಂದು ವಿಲ್ಕ್ಸ್ ಸೆರೆಯಲ್ಲಿದ್ದ ಕಿಂಗ್ಸ್ ಬೆಂಚ್ ಜೈಲಿನ ಮುಂದೆ, ಸೇಂಟ್ ಜಾರ್ಜ್ ಬಯಲಿನಲ್ಲಿ ಸೇರಿದ್ದ ಜನರ ಮೇಲೆ ಸೈನಿಕರು ಗುಂಡು ಹಾರಿಸಿದರು. ಸತ್ತವರಲ್ಲಿ ವಿಲಿಯಂ ಅಲೆನ್ ಎಂಬ ಯುವಕ ದಂಗೆಯಲ್ಲಿ ಇರಲೇ ಇಲ್ಲ. ಬೇರೆ ಯಾರೋ ಎಂದು ತಪ್ಪು ತಿಳಿದು ಬೆನ್ನಟ್ಟಿದ ಸೈನಿಕರು ಅವನನ್ನು ದನದ ಕೊಟ್ಟಿಗೆಯಲ್ಲಿ ಕೊಂದಿದ್ದರು. ಕೂಡಲೇ ಆ ಸಾವಿನ ಚಿತ್ರಗಳು ಅಚ್ಚಾದವು.

ಮುಂದಿನ ವರ್ಷ ಆದದ್ದು ನನ್ನ ವಾದಕ್ಕೆ ಅತಿ ಮುಖ್ಯವಾದ ಸಾಕ್ಷ್ಯ. 1769ರ ಮಾರ್ಚ್ 22ರಂದು ರಾಜನಿಗೆ ನಿಷ್ಠೆ ತೋರುವ ಮನವಿ ಸಲ್ಲಿಸಲು ಲಂಡನ್ನಿನ ಶ್ರೀಮಂತ ವರ್ತಕರು ಸಾರೋಟುಗಳ ಸಾಲಿನಲ್ಲಿ ಸೇಂಟ್ ಜೇಮ್ಸ್ ಅರಮನೆಗೆ ಹೊರಟರು. ಜನ ಟೆಂಪಲ್ ಬಾರ್‌ನ ಬಾಗಿಲು ಮುಚ್ಚಿ ಅವರಿಗೆ ಕೆಸರು ಎರಚಿದರು. ಅಷ್ಟರಲ್ಲಿ ಮೆರವಣಿಗೆಯ ಮುಂದೆ ಒಂದು ಕಪ್ಪು, ಒಂದು ಬಿಳಿ ಕುದುರೆ ಕಟ್ಟಿದ ಶವದ ಬಂಡಿಯೊಂದು ಬಂದು ಸೇರಿಕೊಂಡಿತು. ಅದರ ಒಂದು ಬದಿಗೆ ಅಲೆನ್‌ನನ್ನು ಕೊಟ್ಟಿಗೆಯಲ್ಲಿ ಕೊಲ್ಲುವ ಚಿತ್ರ, ಇನ್ನೊಂದು ಬದಿಗೆ ಬ್ರೆಂಟ್‌ಫರ್ಡ್ ಚುನಾವಣೆಯಲ್ಲಿ ಬಾಡಿಗೆ ಗೂಂಡಾಗಳ ಏಟಿಗೆ ಸತ್ತ ಕ್ಲಾರ್ಕ್‌ನ ಚಿತ್ರ. ವರ್ತಕರ ನಿಷ್ಠೆಯ ಮೆರವಣಿಗೆ ಹೀಗೆ ಇಬ್ಬರು ಸಾಮಾನ್ಯರ ಶವಯಾತ್ರೆಯಾಗಿ ಅರಮನೆಯ ಬಾಗಿಲು ತಲುಪಿತು. ನೂಕುನುಗ್ಗಲಿನಲ್ಲಿ ರಾಜನ ಮನೆವಾರ್ತೆಯ ಮುಖ್ಯಸ್ಥ ಲಾರ್ಡ್ ಟಾಲ್ಬಟ್‌ನ ಅಧಿಕಾರದಂಡ ಮುರಿಯಿತು. ಕಾಗದದ ಮೇಲಿನ ಚಿತ್ರ ಇಲ್ಲಿ ಬಂಡಿಯೇರಿ ರಾಜನ ಮುಂದೆ ದೂರು ಹೇಳಿದೆ. ಇದನ್ನು ಬರಿಯ ಪುಂಡಾಟವೆನ್ನುವುದು ತಪ್ಪು. ಯಾರು, ಎಲ್ಲಿ, ಯಾವ ಅನ್ಯಾಯಕ್ಕಾಗಿ ಸತ್ತರು ಎಂಬುದನ್ನು ನ್ಯಾಯಾಲಯ ಹೇಳದಿದ್ದಾಗ ಬೀದಿ ಹೇಳಿತು. ಬ್ರೆಡ್ಡಿನ ಬೆಲೆ ಏರಿದಾಗ ನಡೆಯುತ್ತಿದ್ದ ದಂಗೆಗಳ ಬಗ್ಗೆ ಇತಿಹಾಸಕಾರ ಇ.ಪಿ. ಥಾಂಪ್ಸನ್ 1971ರಲ್ಲಿ ಬರೆದ ಪ್ರಬಂಧದ ಸಾರವೂ ಇದೇ: ಆ ಜನ ಹಸಿದ ಹೊಟ್ಟೆಯ ಕುರುಡು ಹಿಂಡಲ್ಲ, ನ್ಯಾಯದ ಬೆಲೆ ಯಾವುದು, ಅನ್ಯಾಯದ ಲಾಭ ಯಾವುದು ಎಂಬ ತಿಳಿವಳಿಕೆ ಇಟ್ಟುಕೊಂಡೇ ಬೀದಿಗಿಳಿದವರು.

ಇದಕ್ಕೆ ಗಂಭೀರವಾದ ಆಕ್ಷೇಪಗಳಿವೆ. ಮೊದಲನೆಯದು ಬೆಲೆಯದು. ಮಾಮೂಲಿ ಕಪ್ಪುಬಿಳುಪಿನ ಚಿತ್ರಕ್ಕೆ 6 ಪೆನ್ಸ್‌ನಿಂದ ಒಂದು ಶಿಲಿಂಗ್, ಕೈಯಿಂದ ಬಣ್ಣ ಹಚ್ಚಿದ್ದಕ್ಕೆ ಎರಡು ಶಿಲಿಂಗ್ ಅಥವಾ ಹೆಚ್ಚು. ಲಂಡನ್ನಿನ ಕೂಲಿಕಾರನೊಬ್ಬನ ದಿನಗೂಲಿ ಹೆಚ್ಚೆಂದರೆ ಎರಡು ಶಿಲಿಂಗ್. ಹಾಗಾದರೆ ಬಡವರು ಕೊಂಡರೆ? ಇಲ್ಲ, ಕೊಳ್ಳಲಿಲ್ಲ. ಇತಿಹಾಸಕಾರ ವಿಕ್ ಗ್ಯಾಟ್ರೆಲ್ 1770ರಿಂದ 1830ರವರೆಗೆ ಲಂಡನ್ನಿನಲ್ಲಿ ಬಂದ ಸುಮಾರು 20,000 ಹಾಸ್ಯ, ವ್ಯಂಗ್ಯಚಿತ್ರಗಳನ್ನು ಗಮನದಲ್ಲಿಟ್ಟುಕೊಂಡು, ಅವು ಬಹುಪಾಲು ನಗರದ ಪಶ್ಚಿಮ ಭಾಗದ ಉಳ್ಳವರ ನಗೆಯನ್ನು ತೋರಿಸುತ್ತವೆ ಎಂದು ವಾದಿಸಿದ್ದಾರೆ. ಐರ್ವೆನ್ ನಿಕಲ್ಸನ್ ಇನ್ನೂ ಮುಂದೆ ಹೋಗಿ, ಕಿಟಕಿಯ ಮುಂದೆ ನೆರೆದ ಬಡಜನರ ಬಗ್ಗೆ ನಾವು ಹೇಳಿಕೊಂಡು ಬಂದಿರುವುದಕ್ಕೆ ಪುರಾವೆ ತೀರ ಕಡಿಮೆ ಎಂದಿದ್ದಾರೆ. ಈ ಎಚ್ಚರಿಕೆಗೆ ಬೆಲೆ ಕೊಡಲೇಬೇಕು. ಆದರೆ ಕೊಂಡವರ ಲೆಕ್ಕ ಬೇರೆ, ನೋಡಿದವರ ಲೆಕ್ಕ ಬೇರೆ. ಅಂಗಡಿಯ ಗಾಜಿನ ಹಿಂದೆ ಚಿತ್ರ ತೂಗಿಬಿಟ್ಟರೆ ನೋಡುವುದಕ್ಕೆ ಕಾಸು ಬೇಕಾಗಿರಲಿಲ್ಲ. ಗಿಲ್ರೇ ತಾನೇ 1808ರ ಒಂದು ಅಚ್ಚಿನಲ್ಲಿ ಚಿತ್ರ ವ್ಯಾಪಾರಿ ಹಾನಾ ಹಂಫ್ರಿಯ ಅಂಗಡಿಯ ಮುಂದೆ ಒಬ್ಬ ಮುದುಕ ಜಾರಿಬಿದ್ದರೂ ತಿರುಗಿ ನೋಡದೆ ಕಿಟಕಿಗೆ ಕಣ್ಣು ನೆಟ್ಟ ಜನರನ್ನು ಬರೆದಿದ್ದಾನೆ. ಪಿಕಡಿಲಿಯ ಎಸ್.ಡಬ್ಲ್ಯೂ. ಫೋರ್ಸ್ ಸಂಜೆಯ ಮಟ್ಟಿಗೆ ಚಿತ್ರಗಳ ಕಟ್ಟನ್ನೇ ಬಾಡಿಗೆಗೆ ಕೊಡುತ್ತಿದ್ದ. ಕಾಫಿ ಮನೆಗಳಲ್ಲಿ, ಪಬ್ಬುಗಳಲ್ಲಿ ಗೋಡೆಗೆ ಅಂಟಿಸಿದ ಚಿತ್ರವನ್ನು ಒಬ್ಬ ಓದಿ ಹತ್ತು ಜನ ಕೇಳಬಹುದಿತ್ತು. ಆಗಿನ ಇಂಗ್ಲೆಂಡಿನಲ್ಲಿ ತಮ್ಮ ಹೆಸರು ಬರೆಯಬಲ್ಲ ಗಂಡಸರು ಐವರಲ್ಲಿ ಸುಮಾರು ಮೂವರು, ಹೆಂಗಸರು ಅದಕ್ಕಿಂತ ಕಡಿಮೆ.

ಇಷ್ಟಾದರೂ ಕಿಟಕಿಯ ಮುಂದೆ ನಿಂತವರ ಎಣಿಕೆಯ ಮೇಲೆ ವಾದ ಕಟ್ಟಬೇಕಾಗಿಲ್ಲ. ಬೀದಿಯ ಜನ ಚಿತ್ರಗಳ ಭಾಷೆಯನ್ನು ಅರಿತಿದ್ದರು ಎನ್ನುವುದಕ್ಕೆ ಅವರು ಏನು ಮಾಡಿದರು ಎಂಬುದೇ ಪುರಾವೆ. ಬೂಟು ಸುಟ್ಟವರು, ಬಂಡಿಯ ಬದಿಗೆ ಚಿತ್ರ ಕಟ್ಟಿದವರು ಕ್ಲಬ್ಬಿನ ಸದಸ್ಯರಲ್ಲ. ಎರಡನೆಯ ಆಕ್ಷೇಪ ಇಲ್ಲಿಯೇ ಎದ್ದು ನಿಲ್ಲುತ್ತದೆ: ಇದೆಲ್ಲ ವಿರೋಧಪಕ್ಷದ ಶ್ರೀಮಂತರು ಹಣ ಕೊಟ್ಟು ಮಾಡಿಸಿದ ನಾಟಕವಲ್ಲವೇ? ಕೆಲವೊಮ್ಮೆ ಹೌದು. ಬ್ಯೂಟ್ ಮೇಲಿನ ದಾಳಿಯ ಹಿಂದೆ ಅಧಿಕಾರ ಕಳೆದುಕೊಂಡ ದೊಡ್ಡ ಮನೆತನಗಳ ಕೈವಾಡ ಇತ್ತು. ರಾಜಕೀಯ ವ್ಯಕ್ತಿಗಳ ಮುಖಲಕ್ಷಣ ಹಿಡಿದು ಚಿಕ್ಕ ಕಾರ್ಡುಗಳಲ್ಲಿ ಬರೆಯುವ ಚಾಳಿಯನ್ನು 1756ರ ಹೊತ್ತಿಗೆ ಬೆಳೆಸಿದ ಜಾರ್ಜ್ ಟೌನ್‌ಷೆಂಡ್ ಸ್ವತಃ ಶ್ರೀಮಂತ ಮನೆತನದ ಸೇನಾಧಿಕಾರಿ. ಅವುಗಳನ್ನು ಮಾರಿದ ಮೇರಿ ಮತ್ತು ಮ್ಯಾಥ್ಯೂ ಡಾರ್ಲಿ ದಂಪತಿ ವ್ಯಾಪಾರಿಗಳು. ಆದರೆ ಹಣ ಕೊಟ್ಟವನು ಕಡ್ಡಿ ಗೀರಬಹುದು, ಬೆಂಕಿ ಎಲ್ಲಿ ನಿಲ್ಲಬೇಕೆಂದು ಹೇಳಲಾರ. 1769ರ ಹೊತ್ತಿಗೆ ವಿಲ್ಕ್ಸ್‌ನ ಜನ ಕೇಳುತ್ತಿದ್ದುದು ದೊಡ್ಡ ಮನೆತನಗಳಿಗೆ ಬೇಡವಾದದ್ದನ್ನು: ಮಿಡ್ಲ್‌ಸೆಕ್ಸ್‌ನಲ್ಲಿ 1,143 ಮತ ಬಿದ್ದ ವಿಲ್ಕ್ಸ್‌ನನ್ನು ಬಿಟ್ಟು 296 ಮತ ಬಿದ್ದ ಲಟ್ರೆಲ್‌ಗೆ ಸ್ಥಾನ ಕೊಡಲು ಸಂಸತ್ತಿಗೆ ಏನು ಅಧಿಕಾರ ಎಂದು.

ಮೂರನೆಯ ಆಕ್ಷೇಪ ಹೆಚ್ಚು ನೋಯಿಸುವಂಥದು, ಅದಕ್ಕೆ ಪೂರ್ತಿ ಉತ್ತರವೂ ಇಲ್ಲ. ಬೀದಿಯ ಈ ಭಾಷೆ ದ್ವೇಷದ ಭಾಷೆಯೂ ಆಗಿತ್ತು. ಬ್ಯೂಟ್ ಸ್ಕಾಟ್ ಜನಾಂಗದವನೆಂಬ ಕಾರಣಕ್ಕೆ ಸ್ಕಾಟರೆಲ್ಲರನ್ನೂ ಮೈ ತುರಿಸಿಕೊಳ್ಳುವ ಭಿಕ್ಷುಕರಂತೆ ಬರೆದರು. 1753ರಲ್ಲಿ ಯಹೂದಿಗಳಿಗೆ ಪೌರತ್ವ ಪಡೆಯಲು ದಾರಿಮಾಡಿದ ಕಾಯ್ದೆಯ ವಿರುದ್ಧ ಬಂದ ಚಿತ್ರಗಳು ಹೇಸಿಗೆ ಹುಟ್ಟಿಸುತ್ತವೆ. ಸರ್ಕಾರ ಹೆದರಿ ಅದೇ ವರ್ಷ ಕಾಯ್ದೆಯನ್ನು ಹಿಂತೆಗೆಯಿತು. 1780ರ ಜೂನ್‌ನಲ್ಲಿ ಕ್ಯಾಥೊಲಿಕರ ವಿರುದ್ಧ ಎದ್ದ ಗಾರ್ಡನ್ ದಂಗೆಯಲ್ಲಿ ನ್ಯೂಗೇಟ್ ಜೈಲು ಸುಟ್ಟುಹೋಯಿತು, ಸೈನ್ಯದ ಗುಂಡಿಗೆ ಸುಮಾರು 300 ಜನ ಸತ್ತರು. ಅದೇ ಜೂನ್ 9ರಂದು ಗಿಲ್ರೇ ಒಬ್ಬ ದಂಗೆಕೋರನನ್ನು ದೊಣ್ಣೆ ಹಿಡಿದ ಒರಟನಂತೆ ಚಿತ್ರಿಸಿದ. ಬೀದಿಯ ಧ್ವನಿ ಯಾವಾಗಲೂ ನ್ಯಾಯದ ಧ್ವನಿಯಾಗಿತ್ತು ಎಂದು ನಾನು ಹೇಳುತ್ತಿಲ್ಲ. ವ್ಯಂಗ್ಯಚಿತ್ರದ ಬಲ ಎಲ್ಲಿಂದ ಬಂತು ಎಂಬ ಪ್ರಶ್ನೆ ಬೇರೆ, ಆ ಬಲ ಯಾರ ಮೇಲೆ ಬಿತ್ತು ಎಂಬ ಪ್ರಶ್ನೆ ಬೇರೆ. ಎರಡನೆಯದಕ್ಕೆ ಉತ್ತರ ಕೊಡುವಾಗ ಯಹೂದಿಗಳ, ಕ್ಯಾಥೊಲಿಕರ ಸಂಕಟವನ್ನು ಬದಿಗೆ ಸರಿಸುವ ಇತಿಹಾಸ ಪ್ರಾಮಾಣಿಕವಲ್ಲ.

ಈ ಚಿತ್ರಗಳಲ್ಲಿ ನಮ್ಮ ನಾಡೂ ಬರುತ್ತದೆ, ಅದು ಬರುವ ರೀತಿಯೂ ಬೀದಿಯಿಂದ ದೂರ ಸರಿಯುತ್ತಿದ್ದ ಕಲೆಯ ಬಗ್ಗೆ ಏನನ್ನೋ ಹೇಳುತ್ತದೆ. 1783ರ ಡಿಸೆಂಬರ್ 5ರಂದು ಜೇಮ್ಸ್ ಸೇಯರ್ಸ್ ಒಂದು ಚಿತ್ರ ಪ್ರಕಟಿಸಿದ. ಈಸ್ಟ್ ಇಂಡಿಯಾ ಕಂಪನಿಯನ್ನು ಹತೋಟಿಗೆ ತರುವ ಮಸೂದೆ ಮಂಡಿಸಿದ್ದ ಚಾರ್ಲ್ಸ್ ಜೇಮ್ಸ್ ಫಾಕ್ಸ್ ಅದರಲ್ಲಿ ‘ಕಾರ್ಲೋ ಖಾನ್’ ಆಗಿದ್ದಾನೆ. ಲಾರ್ಡ್ ನಾರ್ತ್‌ನ ಮುಖವಿರುವ ಆನೆಯೇರಿ, ಎಡ್ಮಂಡ್ ಬರ್ಕ್ ಕಹಳೆ ಊದುತ್ತಿರಲು, ಕಂಪನಿಯ ಕಚೇರಿಯಿದ್ದ ಲೆಡನ್‌ಹಾಲ್ ಬೀದಿಗೆ ದಿಗ್ವಿಜಯ ಹೊರಟಿದ್ದಾನೆ. ಎರಡೇ ವಾರದಲ್ಲಿ ಮಸೂದೆ ಬಿತ್ತು, ಸರ್ಕಾರವೂ ಹೋಯಿತು. ಸಂಸತ್ತಿನ ಭಾಷಣಗಳಿಗಿಂತ ಸೇಯರ್ಸ್‌ನ ಚಿತ್ರಗಳೇ ತನಗೆ ಹೆಚ್ಚು ಕೆಡುಕು ಮಾಡಿದವೆಂದು ಫಾಕ್ಸ್ ಹೇಳಿದ್ದನೆಂದು ಪ್ರತೀತಿ. ಅಧಿಕಾರಕ್ಕೆ ಬಂದ ಕಿರಿಯ ವಿಲಿಯಂ ಪಿಟ್ ಸೇಯರ್ಸ್‌ಗೆ ಸರ್ಕಾರಿ ಹುದ್ದೆ ಕೊಟ್ಟ. ಇಲ್ಲಿ ಬೀದಿಯ ಬೂಟಿಲ್ಲ, ಶವದ ಬಂಡಿಯಿಲ್ಲ. ಎರಡು ರಾಜಕೀಯ ಬಣಗಳ ಜಗಳದಲ್ಲಿ ಒಂದರ ಆಯುಧವಾಗಿ ಚಿತ್ರ ಕೆಲಸ ಮಾಡಿದೆ, ಕೂಲಿಯೂ ಸಂದಿದೆ. 1791ರ ಮೇ ತಿಂಗಳಲ್ಲಿ ಶ್ರೀರಂಗಪಟ್ಟಣದ ಹತ್ತಿರಕ್ಕೆ ಬಂದ ಬ್ರಿಟಿಷ್ ಸೇನಾಪತಿ ಕಾರ್ನ್‌ವಾಲಿಸ್ ಮಳೆ, ದನಗಳ ಸಾವು, ಧಾನ್ಯದ ಕೊರತೆಗೆ ಸಿಕ್ಕಿ, ಕನ್ನಂಬಾಡಿಯ ಬಳಿ ತನ್ನ ಭಾರಿ ಫಿರಂಗಿಗಳನ್ನು ತಾನೇ ನಾಶಮಾಡಿ ಹಿಂದಿರುಗಿದ. ಸುದ್ದಿ ಲಂಡನ್ ತಲುಪಿದ ಮೇಲೆ, ಡಿಸೆಂಬರ್ 6ರಂದು, ಗಿಲ್ರೇ ಅದನ್ನು ಚಿತ್ರಿಸಿದ: ಕಾರ್ನ್‌ವಾಲಿಸ್ ಕತ್ತೆಯೇರಿ ಓಡುತ್ತಿದ್ದಾನೆ, ಕೋಟೆಯ ಮೇಲೆ ನಿಂತ ಟಿಪ್ಪು ಓಡುವ ಸೈನ್ಯದ ಮೇಲೆ ಮೂತ್ರ ಹೊಯ್ಯುತ್ತಿದ್ದಾನೆ, ಅದೇ ಮುಂಗಾರು. ತನ್ನದೇ ಸೇನಾಪತಿಯನ್ನು ಯುದ್ಧದ ನಡುವೆ ಹೀಗೆ ಮಾನಗೆಡಿಸಬಲ್ಲ ಸ್ವಾತಂತ್ರ್ಯ ದೊಡ್ಡದೇ. ಆದರೆ ಟಿಪ್ಪುವಾಗಲಿ, ಆ ಬೇಸಿಗೆಯಲ್ಲಿ ಊರುಬಿಟ್ಟ ಕಾವೇರಿ ಬಯಲಿನ ರೈತರಾಗಲಿ ಆ ಚಿತ್ರದ ಕಾಳಜಿಯಲ್ಲ. ಲಂಡನ್ನಿನ ಒಂದು ಬಣ ಇನ್ನೊಂದಕ್ಕೆ ಹೊಡೆಯಲು ಹಿಡಿದ ಕೋಲು ಅಷ್ಟೆ.

ಫ್ರಾನ್ಸಿನ ಕ್ರಾಂತಿಯ ನಂತರ ಈ ದೂರ ಇನ್ನೂ ಹೆಚ್ಚಿತು. 1792ರ ನವೆಂಬರ್‌ನಲ್ಲಿ ಜಾನ್ ರೀವ್ಸ್ ಕಟ್ಟಿದ ರಾಜನಿಷ್ಠರ ಸಂಘ ಹಂಚುವುದಕ್ಕೆಂದೇ ಅಗ್ಗದ ಚಿತ್ರಗಳನ್ನು ಮಾಡಿಸಿತು; ಇಂಗ್ಲಿಷ್ ಸ್ವಾತಂತ್ರ್ಯವನ್ನು ಶಾಂತ ದೇವಿಯಾಗಿಯೂ ಫ್ರೆಂಚ್ ಸ್ವಾತಂತ್ರ್ಯವನ್ನು ರಾಕ್ಷಸಿಯಾಗಿಯೂ ತೋರಿಸುವ ರೋಲಂಡ್‌ಸನ್‌ನ ಜೋಡಿಚಿತ್ರ ಆ ಬಗೆಯದು. ಆ ಚಳಿಗಾಲದಲ್ಲಿ ನೂರಾರು ಊರುಗಳಲ್ಲಿ ಥಾಮಸ್ ಪೇನ್‌ನ ಪ್ರತಿಕೃತಿಗಳನ್ನು ಸುಟ್ಟರು, ಎಷ್ಟೋ ಕಡೆ ಜಮೀನ್ದಾರರೇ ಹೆಂಡ ಕೊಡಿಸಿದರು. ಇದನ್ನು ತೋರಿಸಿ, ಬೀದಿಯ ಆಚರಣೆ ಯಾರ ಕೈಗೂ ಸಿಗುವ ಸಾಧನವಷ್ಟೆ ಎನ್ನುವವರಿದ್ದಾರೆ. ನನಗೆ ಕಾಣುವುದು ಬೇರೆ. ಆಳುವವರಿಗೆ ತಮ್ಮ ಮಾತು ಜನರಿಗೆ ಮುಟ್ಟಿಸಲು ಜನರದೇ ಭಾಷೆ ಕಲಿಯಬೇಕಾಯಿತು. ಅದಕ್ಕಿಂತ ಪ್ರಬಲವಾದ ಭಾಷೆ ಅವರ ಹತ್ತಿರ ಇರಲಿಲ್ಲ. 1795ರ ಬರಗಾಲದ ಅಕ್ಟೋಬರ್ 29ರಂದು ಬ್ರೆಡ್ಡು ಕೇಳುತ್ತ ಜನ ರಾಜನ ಸಾರೋಟನ್ನು ಮುತ್ತಿ ಗಾಜು ಒಡೆದರು. ಮೂರೇ ದಿನದಲ್ಲಿ ಗಿಲ್ರೇ ಚಿತ್ರ ತಂದ. ಸಾರಥಿಯಾದ ಪಿಟ್ ಬ್ರಿಟನ್ನಿನ ಸಂಕೇತವಾದ ಬ್ರಿಟಾನಿಯಾಳನ್ನು ತುಳಿದುಕೊಂಡು ಗಾಡಿ ಓಡಿಸುತ್ತಿದ್ದಾನೆ, ಮುತ್ತಿದ ದಂಗೆಕೋರರಿಗೆ ಫಾಕ್ಸ್ ಮತ್ತು ಅವನ ಗೆಳೆಯರ ಮುಖಗಳಿವೆ. ಎರಡೂ ಕಡೆಗೆ ಏಟು ಬಿದ್ದಿದೆ, ಆದರೆ ಹಸಿದವರು ಚಿತ್ರದಲ್ಲಿ ಇಲ್ಲ. ನವೆಂಬರ್ 16ರ ಇನ್ನೊಂದು ಚಿತ್ರದಲ್ಲಿ ಕೋಪನ್‌ಹೇಗನ್ ಹೌಸ್ ಬಯಲಿನ ಸುಧಾರಣಾವಾದಿಗಳ ಸಭೆಯನ್ನೇ ಅವನು ಮೂಢರ ಜಾತ್ರೆಯಾಗಿ ಬರೆದ. ಮುಂಚೆ ಚಿತ್ರಕ್ಕೆ ಭಾಷೆ ಕೊಟ್ಟಿದ್ದ ಜನ ಈಗ ಚಿತ್ರದ ಗುರಿಯಾದರು. ಡಿಸೆಂಬರ್‌ನಲ್ಲಿ 50ಕ್ಕಿಂತ ಹೆಚ್ಚು ಜನ ಸೇರುವ ರಾಜಕೀಯ ಸಭೆಗಳಿಗೆ ಕಡಿವಾಣ ಹಾಕುವ ಕಾಯ್ದೆ ಬಂತು. 1796ರ ಜನವರಿಯಲ್ಲಿ ಧರ್ಮನಿಂದನೆಯ ಆರೋಪದ ಮೇಲೆ ಗಿಲ್ರೇಯನ್ನು ಬಂಧಿಸಿದರು, ಮೊಕದ್ದಮೆ ಮುಂದುವರಿಯಲಿಲ್ಲ. 1797ರಿಂದ ಅವನಿಗೆ ಪಿಟ್ ಸರ್ಕಾರದಿಂದ ವರ್ಷಕ್ಕೆ 200 ಪೌಂಡ್ ಪಿಂಚಣಿ ಸಿಗತೊಡಗಿತು. ಆ ಶತಮಾನದ ಅತ್ಯಂತ ಪ್ರತಿಭಾವಂತ ವ್ಯಂಗ್ಯಚಿತ್ರಕಾರ ಅವನೇ ಎಂಬುದರಲ್ಲಿ ನನಗೆ ಸಂಶಯವಿಲ್ಲ, ಆದ್ದರಿಂದಲೇ ಈ ಸಂಗತಿ ಹೆಚ್ಚು ದುಃಖದ್ದು.

ಕೊನೆಯ ಆಕ್ಷೇಪ ಎಲ್ಲರ ಬಾಯಲ್ಲೂ ಇರುವಂಥದು: ನಗು ಕೋಪವನ್ನು ಹೊರಹಾಕಿ ಜನರನ್ನು ತಣ್ಣಗೆ ಮಾಡುತ್ತದೆ, ಇಂಗ್ಲೆಂಡಿನಲ್ಲಿ ಕ್ರಾಂತಿಯಾಗದಿರಲು ಈ ಚಿತ್ರಗಳೂ ಕಾರಣ ಎಂದು. ಹಾಗಿದ್ದರೆ ಆಳುವವರು ಅವುಗಳನ್ನು ಪೋಷಿಸಬೇಕಾಗಿತ್ತು, ಬೆಲೆ ಕೊಟ್ಟು ಬಾಯಿ ಮುಚ್ಚಿಸಬೇಕಾಗಿರಲಿಲ್ಲ. ಹುದ್ದೆ, ಪಿಂಚಣಿ, ರೀವ್ಸ್‌ನ ಸಂಘ ಎಲ್ಲವೂ ಹೇಳುವುದು ಒಂದೇ: ಅಧಿಕಾರದಲ್ಲಿದ್ದವರಿಗೆ ಈ ಚಿತ್ರಗಳಿಂದ ನೆಮ್ಮದಿ ಇರಲಿಲ್ಲ. ಸುಂಕ ಹೋದದ್ದು, ಯಾರ ಹೆಸರೂ ಇಲ್ಲದ ವಾರಂಟ್ ಕಾನೂನುಬಾಹಿರವೆಂದು ನ್ಯಾಯಾಲಯ ಹೇಳಿದ್ದು ಚಿತ್ರಗಳಿಂದಲೇ ಅಲ್ಲ. ಆದರೆ ಈ ಪ್ರತಿಯೊಂದು ಸಂದರ್ಭದಲ್ಲೂ ಕಾಗದ ಮತ್ತು ಬೀದಿ ಜೊತೆಯಲ್ಲಿದ್ದವು. ಜೊತೆಯಲ್ಲಿ ಇಲ್ಲದ 1795ರಲ್ಲಿ ಗೆದ್ದದ್ದು ಬಾಯಿ ಕಟ್ಟುವ ಕಾಯ್ದೆಗಳು.

ಆ ಜೊತೆ ಮತ್ತೆ ಕೂಡಿಬಂದದ್ದು ಶತಮಾನ ಕಳೆದ ಮೇಲೆ, ಅಗ್ಗದ ಮರದಚ್ಚಿನಲ್ಲಿ. 1819ರ ಜನವರಿಯಲ್ಲಿ ಲಂಡನ್ನಿನ ಲಡ್‌ಗೇಟ್ ಹಿಲ್‌ನ ಪುಸ್ತಕ ವ್ಯಾಪಾರಿ ವಿಲಿಯಂ ಹೋನ್, ಚಿತ್ರಕಾರ ಜಾರ್ಜ್ ಕ್ರುಕ್‌ಶಾಂಕ್ ಜೊತೆ ಸೇರಿ ಒಂದು ಅಣಕು ನೋಟು ಹೊರತಂದ. ಖೋಟಾ ನೋಟು ಚಲಾಯಿಸಿದರೆಂದು ಬಡವರನ್ನು ಗಲ್ಲಿಗೇರಿಸುತ್ತಿದ್ದ ಕಾಲ ಅದು. ನೋಟಿನ ಮೇಲೆ ಸಾಲಾಗಿ ನೇಣಿಗೆ ಬಿದ್ದ ಗಂಡಸರು, ಹೆಂಗಸರು. ಅದನ್ನು ಕೊಳ್ಳಲು ಮುಗಿಬಿದ್ದ ಜನರಿಂದ ರಸ್ತೆ ಕಟ್ಟಿಕೊಂಡಿತು. ಅದೇ ಆಗಸ್ಟ್‌ನಲ್ಲಿ ಮ್ಯಾಂಚೆಸ್ಟರ್‌ನ ಪೀಟರ್‌ಲೂ ಹತ್ಯಾಕಾಂಡ ನಡೆಯಿತು. ವರ್ಷಾಂತ್ಯದಲ್ಲಿ ಇಬ್ಬರೂ ಸೇರಿ ತಂದ ಒಂದು ಶಿಲಿಂಗ್‌ನ ಚಿತ್ರಪುಸ್ತಿಕೆ ಹತ್ತಾರು ಮುದ್ರಣ ಕಂಡಿತು. 1820ರ ಜೂನ್‌ನಲ್ಲಿ ಹೊಸ ರಾಜ 4ನೇ ಜಾರ್ಜ್‌ನ ಕಡೆಯವರು ಕ್ರುಕ್‌ಶಾಂಕ್‌ಗೆ 100 ಪೌಂಡ್ ಕೊಟ್ಟು, ರಾಜನನ್ನು ಅನೈತಿಕ ಸನ್ನಿವೇಶದಲ್ಲಿ ಚಿತ್ರಿಸುವುದಿಲ್ಲವೆಂಬ ಮಾತು ಪಡೆದರು. ಆದರೆ ರಾಜ ತನ್ನ ಹೆಂಡತಿ ಕ್ಯಾರೊಲಿನ್‌ಳನ್ನು ಕಾಯ್ದೆಯ ಮೂಲಕ ತ್ಯಜಿಸಲು ಹೊರಟಾಗ ಜನ ಬೀದಿ ಬೀದಿಯಲ್ಲಿ ಅವಳ ಪರ ನಿಂತರು. ಅದೇ ಆಗಸ್ಟ್‌ನಲ್ಲಿ ಹೋನ್ ಮತ್ತು ಕ್ರುಕ್‌ಶಾಂಕ್ ರಾಜದಂಪತಿಯ ದಾಂಪತ್ಯವನ್ನು ಏಣಿಯ ಮೆಟ್ಟಿಲುಗಳಾಗಿ ತೋರಿಸುವ ಪುಸ್ತಿಕೆ ತಂದರು. ನವೆಂಬರ್ 10ರಂದು ಸರ್ಕಾರ ಆ ಮಸೂದೆಯನ್ನು ಕೈಬಿಟ್ಟಿತು.